ಬೆರಳಿಗೆ ದೊರೆತ ದಾಕ್ಷಿಣ್ಯ

1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ರಾಜ್ಯಭಾಷೆಯ ಆಸರೆಯಿಲ್ಲದೆ ಬಾಳಿದ ಕಾಸರಗೋಡಿನ ಕನ್ನಡಕ್ಕೆ ಬ್ರಹ್ಮಕಲಶೋತ್ಸವದ ಸ್ಮರಣಸಂಚಿಕೆ, ಶಾಲೆಯ ಶತಮಾನೋತ್ಸವದ ಹೊತ್ತಗೆ, ಯಕ್ಷಗಾನ ಪ್ರಸಂಗ, ಹಿರಿಯರ ಅಭಿನಂದನ ಗ್ರಂಥ ಇವೇ ದೊಡ್ಡ ಭಂಡಾರವಾಗಿರುವುದರಿಂದಲೂ, ಡಿಟಿಪಿ ಬಂದ ಮೇಲೆ ಇಂಥವು ನುಡಿ, ಬರಹ, ಶ್ರೀಲಿಪಿ ಎಂಬ ತಂತ್ರಾಂಶಗಳ ಹಳೆಯ ಸಂಕೇತಗಳಲ್ಲಿ ಜೋಡಣೆಗೊಂಡಿರುವುದರಿಂದಲೂ, ಆ ತಂತ್ರಾಂಶಗಳು ಯೂನಿಕೋಡಿಗೆ ಹೊರಳಿದ ಬಗೆಯ ವಿಮರ್ಶೆಯು ಕೇವಲ ತಂತ್ರಜ್ಞರ ಚರ್ಚೆಯಾಗಿ ಉಳಿಯತಕ್ಕುದಲ್ಲ.

ಹಳೆಯ ಕಡತವನ್ನು ಕೈಬಿಡದೆ ಹೊಸತಿಗೆ ಹೊರಳುವುದಕ್ಕೆ ಬೇರೆಡೆ ಮಾದರಿಯಿದೆ. ಲೇಟೆಕ್ ಎಂಬ ಪುಟವಿನ್ಯಾಸ ವ್ಯವಸ್ಥೆಯನ್ನು 1994ರಲ್ಲಿ ಹೊಸದಾಗಿ ರಚಿಸಿದವರು, ಕಡತದ ಆರಂಭದಲ್ಲಿ ಹಳೆಯ ಆಜ್ಞೆಯೇ ಇದ್ದುದಾದರೆ ಯಂತ್ರವು ತಾನಾಗಿಯೇ ಹಳೆಯ ರೀತಿಗೆ ಹೊರಳಿ ಅದನ್ನು ಜೋಡಿಸುವಂತೆ ಏರ್ಪಡಿಸಿದರು. ಅದರ ತಳಹದಿಯಾದ ಟೆಕ್‌ನ ಕರ್ತೃ ಡೊನಾಲ್ಡ್ ಕ್ನೂತರಂತೂ ತಮ್ಮ ಮರಣಾನಂತರ ಅದರಲ್ಲಿ ಯಾವ ತಿದ್ದುಪಡಿಯೂ ಕೂಡದೆಂದು ವಿಧಿಸಿದ್ದಾರೆ. ಎರಡನೆಯದು ನನಗೆ ಅತಿಯೆನಿಸಿದರೂ ಮೊದಲನೆಯದು ಆದರ್ಶಪ್ರಾಯವಾದುದು.

ನಮ್ಮಲ್ಲಿ ಆದುದು ಬೇರೆ. ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವು ಹಳೆಯ ನುಡಿಯಿಂದ ಯೂನಿಕೋಡಿನವರೆಗೂ ಉಳಿದುಬಂದಿತಾಗಿ ಬೆರಳಚ್ಚುಗಾರರು ಹೊಸ ಪಾಠ ಕಲಿಯಬೇಕಾಗಲಿಲ್ಲ, ಇದು ಶ್ಲಾಘ್ಯ. ಬೆರಳಿಗೆ ದೊರೆತ ಈ ದಾಕ್ಷಿಣ್ಯ ಕಡತಕ್ಕೆ ದೊರೆಯಲಿಲ್ಲ. ಹಳೆಯ ನುಡಿಯು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಇರಿಸಿತ್ತು. ಆ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ‘ಕನ್ನಡ’ದ ಕಕಾರವು ಇಂಗ್ಲಿಷಿನ ಪಿ ಆಗಿ ಕಾಣುತ್ತದೆ. ಕಣ್ಣಿಗೆ ಕಂಡ ಕ್ರಮದಲ್ಲೇ ಜೋಡಿಸಿದುದರಿಂದ ‘ಸೂರ್ಯ’ದ ಅರ್ಕಾವೊತ್ತು ಅಲ್ಲಿ ಯಕಾರದ ಬಳಿಕ ನಿಲ್ಲುತ್ತದೆ, ಯೂನಿಕೋಡಿನಲ್ಲಾದರೋ ಉಚ್ಚಾರಣೆಯಂತೆ ರೇಫವೇ ಮೊದಲು. ಪರಿವರ್ತಕಗಳು ಈ ಕ್ರಮವನ್ನು ಸರಿಪಡಿಸಬಲ್ಲವು, ನಿಜ. ಆದರೆ ಬರಿಯ ಪಠ್ಯವನ್ನು ನಕಲಿಸಿ ಅಂಟಿಸಿದಲ್ಲಿ ನಡುವೆ ಬಂದ ಇಂಗ್ಲಿಷ್ ಹೆಸರೂ ಕನ್ನಡವೆಂದೇ ಗ್ರಹಿತವಾಗಿ ಅರ್ಥಹೀನ ಅಕ್ಷರರಾಶಿಯಾಗುತ್ತದೆ, ಪುಟವಿನ್ಯಾಸವಂತೂ ಪೂರ್ತಿ ಕಳೆದುಹೋಗುತ್ತದೆ. ಕೇರಳದ ಸರಕಾರಿ ಶಾಲೆಗಳ ಗಣಕಗಳು ಲಿನಕ್ಸಿನಲ್ಲಿ ನಡೆಯುತ್ತಿರಲು, ವಿಂಡೋಸಿಗೆಂದೇ ರಚಿತವಾದ ಹಳೆಯ ನುಡಿಯನ್ನು ಸ್ಥಾಪಿಸಿಕೊಂಡು ಓದುವ ದಾರಿಯೂ ಇಲ್ಲಿಯ ಕನ್ನಡ ಅಧ್ಯಾಪಕರಿಗೆ ಸುಲಭವಲ್ಲ.

ಇದು ತಪ್ಪಿಸಲಾಗದ ತೊಡಕಾಗಿರಲಿಲ್ಲವೆಂಬುದೇ ಹೆಚ್ಚು ಖೇದಕರ. ವರ್ಡ್ ಕಡತದಲ್ಲಿ ಯಾವ ಪದಕ್ಕೆ ಯಾವ ಅಕ್ಷರಶೈಲಿಯೆಂಬುದು ದಾಖಲಾಗಿಯೇ ಇರುತ್ತದೆ. ಆ ಹೆಸರನ್ನು ಗುರುತಾಗಿ ಹಿಡಿದು, ನುಡಿಯ ಕನ್ನಡ ಯಾವುದು ಇಂಗ್ಲಿಷ್ ಯಾವುದು ಎಂದು ವಿವೇಚಿಸಿ, ತೆರೆದೊಡನೆಯೇ ಹಳೆಯ ಸಂಚಿಕೆಯನ್ನು ಓದಿಸುವ ಹೊಣೆಯನ್ನು, ಒಬ್ಬೊಬ್ಬ ಬಳಕೆದಾರನ ತಲೆಗೂ ಹೊರಿಸದೆ, ಹೊಸ ತಂತ್ರಾಂಶವೇ ವಹಿಸಿಕೊಳ್ಳಬೇಕು.