ಮೊದಲು ಹತ್ತರ ರಿಂಗ್

ಯಶವಂತಪುರ, ಆರ್.ಟಿ. ನಗರದ ಗ್ಯಾರೇಜುಗಳಲ್ಲಿ ಕೆಲಸ ಕಲಿತ ಹುಡುಗರು ಕೈಗೆ ಸಂಬಳ ಬಂದ ಕೂಡಲೇ 108 ಪೀಸಿನ ಸೆಟ್ ಕೊಳ್ಳಲು ಹೊರಡುತ್ತಾರೆ. ಬೇಡ. ಆ ಪೆಟ್ಟಿಗೆಯಲ್ಲಿ ದಿನಾ ಕೈಗೆ ಬರುವುದು ಏಳೆಂಟು ಮಾತ್ರ. ಅದೇ ದುಡ್ಡಿಗೆ ಟೌನ್‌ಹಾಲ್ ಹತ್ತಿರದ ಎಸ್‌ಜೆಪಿ ರಸ್ತೆಗೆ ಹೋಗಿ ಒಂದೊಂದನ್ನೇ ಆರಿಸಿ.

ಮೊದಲು ಕೊಳ್ಳಬೇಕಾದ್ದು 10-11ರ ರಿಂಗ್ ಸ್ಪ್ಯಾನರ್. 6 ಮಿ.ಮೀ. ಬೋಲ್ಟಿನ ತಲೆ ಸಾಮಾನ್ಯವಾಗಿ 10. ಬೈಕಿನ ಮೈತುಂಬ ಅವೇ. 8 ಮಿ.ಮೀ. ಬೋಲ್ಟಿಗೆ ಜಪಾನ್ ಮೂಲದ ಗಾಡಿಗಳಲ್ಲಿ 12, ಯುರೋಪಿನ ಮಾದರಿಯಲ್ಲಿ 13. 12-13ರ ಜೋಡಿ ಎರಡಕ್ಕೂ ಆಗುತ್ತದೆ. ಬಾಯಿ ತೆರೆದ ಸ್ಪ್ಯಾನರ್ ಬೋಲ್ಟಿನ ಎರಡೇ ಮಗ್ಗುಲು ಹಿಡಿಯುತ್ತದೆ, ಬಿಗಿದದ್ದಕ್ಕೆ ಹಾಕಿದರೆ ಜಾರಿ ಮೂಲೆ ಸವೆಸುತ್ತದೆ. ರಿಂಗ್ ಸುತ್ತಲೂ ಹಿಡಿಯುತ್ತದೆ. ‘ಕ್ರೋಮ್ ವನೇಡಿಯಂ’ ಎಂಬ ಅಚ್ಚನ್ನೇ ನಂಬಬೇಡಿ. ಜೇಬಿನಲ್ಲಿ ಹೊಸ ಬೋಲ್ಟ್ ಒಯ್ದು ಅಂಗಡಿಯಲ್ಲೇ ತೊಡಿಸಿ ನೋಡಿ. ಅಲ್ಲಾಡಿದರೆ ವಾಪಸ್ ಇಡಿ. ಕಟಿಂಗ್ ಪ್ಲೇಯರ್‌ಗೆ ನಾಸಿಕ್‌ನ ಟಪಾರಿಯಾ ನನಗೆ ಇಷ್ಟ.

ಕೊಂಡದ್ದನ್ನು ಕಾಪಾಡುವುದು ಇನ್ನೂ ದೊಡ್ಡ ಕೆಲಸ. ಮಳೆಗಾಲದಲ್ಲಿ ಸಂಜೆ ಎಣ್ಣೆಬಟ್ಟೆಯಲ್ಲಿ ಒರೆಸಿಡಿ. ಟಾರ್ಕ್ ರೆಂಚನ್ನು ಕೆಲಸ ಮುಗಿದ ಮೇಲೆ ಕನಿಷ್ಠ ಅಳತೆಗೆ ಇಳಿಸಿಡಿ, ಇಲ್ಲವಾದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ. ಅದರಲ್ಲಿ ಬೋಲ್ಟ್ ಬಿಚ್ಚಲೇಬಾರದು.

ತುಕ್ಕಿಗಿಂತ ಹೆಚ್ಚು ಸಾಮಾನು ಮರೆವಿಗೆ ಹೋಗುತ್ತದೆ. ಇದಕ್ಕೆ ಪಾಠ ನಮ್ಮ ಪಕ್ಕದಲ್ಲೇ ಇದೆ. 1996ರಿಂದ ಏರೋ ಇಂಡಿಯಾ ನಡೆಯುತ್ತಿರುವ ಯಲಹಂಕ ವಾಯುನೆಲೆಯ ಮೇಲೆ ಹಾರುವ ವಿಮಾನಗಳನ್ನು ನೋಡುತ್ತ ಬೆಳೆದವರು ನಾವು. ವಿಮಾನ ರಿಪೇರಿಯಲ್ಲಿ ಪ್ರತಿ ಉಪಕರಣಕ್ಕೂ ಗುರುತು, ಅದರದೇ ಆಕಾರ ಕೊರೆದ ಗೂಡು. ತೆಗೆದವನು ತನ್ನ ಬಿಲ್ಲೆ ಅಲ್ಲಿಡಬೇಕು. ಒಂದು ಕಡಿಮೆಯಾದರೂ ಅದು ಸಿಗುವವರೆಗೆ ವಿಮಾನವನ್ನು ಬಿಡುವುದಿಲ್ಲ, ಏಕೆಂದರೆ ಒಳಗುಳಿದ ಸ್ಪ್ಯಾನರ್ ಎಂಜಿನ್ನನ್ನೇ ಹಾಳುಮಾಡಬಲ್ಲದು. ಕಾರಿನ ಬಾನೆಟ್ ಕೆಳಗೆ ಮರೆತದ್ದೂ ಫ್ಯಾನಿಗೆ ಬಿದ್ದರೆ ರೇಡಿಯೇಟರ್ ಒಡೆಯುತ್ತದೆ. ಗ್ಯಾರೇಜಿನ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ ಸುತ್ತ ಬಣ್ಣದಲ್ಲಿ ಗೆರೆ ಎಳೆದರೆ ಖಾಲಿ ಜಾಗ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಎರವಲು ಕೊಟ್ಟಾಗ ಆ ಜಾಗದಲ್ಲಿ ಒಯ್ದವನ ಹೆಸರಿನ ಚೀಟಿ ಸಿಕ್ಕಿಸಿ. ಕೀ ಕೊಡುವ ಮುಂಚೆ ಎಣಿಸಿ.

ಆಯುಧಪೂಜೆಗೆ ಎಲ್ಲವನ್ನೂ ತೊಳೆದು, ಕುಂಕುಮವಿಟ್ಟು ಸಾಲಾಗಿ ಜೋಡಿಸುತ್ತೇವಲ್ಲ, ಹಿಂದಿನ ದಿನವೇ ಪ್ರತಿ ರಿಂಗಿನ ಒಳಗೆ ಬೆರಳಾಡಿಸಿ. ಹಲ್ಲು ಸವೆದಿದ್ದರೆ ಗುಜರಿಗೆ ಹಾಕಿ. ಹೊಸದಾಗಿ ಸೇರಿದ ಹುಡುಗನ ಕೈಗೆ ಮಾತ್ರ ಕೊಡಬೇಡಿ.