ಕಾಗದ ಸಿಗದಾಗ ಕ್ಯಾಮೆರಾ ಕೆಳಗಿಟ್ಟವ

ಲಂಡನ್ನಿನ ಚೀಪ್‌ಸೈಡ್ ಹತ್ತಿರ, ಕ್ವೀನ್ ಸ್ಟ್ರೀಟಿನಲ್ಲಿ ಫ್ರೆಡರಿಕ್ ಎವಾನ್ಸ್ ಎಂಬಾತ ಪುಸ್ತಕದಂಗಡಿ ಇಟ್ಟುಕೊಂಡಿದ್ದ. ವಿಮಾ ಕಚೇರಿಯ ಒಬ್ಬ ಬಡಕಲು ಗುಮಾಸ್ತ ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿಗೆ ಬಂದು ಕಪಾಟು ಜಾಲಾಡುತ್ತಿದ್ದ. ತಾನು ಬರೆದ ಚಿತ್ರ ಕೊಟ್ಟು ಪುಸ್ತಕ ಒಯ್ಯುತ್ತಿದ್ದ. ಆ ಹುಡುಗ ಆಬ್ರಿ ಬಿಯರ್ಡ್‌ಸ್ಲಿ. ಅವನನ್ನು ಪ್ರಕಾಶಕ ಡೆಂಟ್‌ಗೆ ಪರಿಚಯಿಸಿ, ಆರ್ಥರ್ ರಾಜನ ಕಥೆಗಳಿಗೆ ಚಿತ್ರ ಬರೆಯುವ ಕೆಲಸ ಕೊಡಿಸಿದವನು ಎವಾನ್ಸೇ. ಉದ್ದುದ್ದ ಬೆರಳುಗಳನ್ನು ಕೆನ್ನೆಗಾನಿಸಿ ಪಕ್ಕಕ್ಕೆ ತಿರುಗಿ ಕೂತ ಬಿಯರ್ಡ್‌ಸ್ಲಿಯ ಪ್ರಸಿದ್ಧ ಭಾವಚಿತ್ರ ತೆಗೆದವನೂ ಅವನೇ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಅದರ ಪ್ಲಾಟಿನಂ ಪ್ರಿಂಟ್ ಇದೆ.

ಅಂಗಡಿ ನಡೆಸುವಾಗ ಫೋಟೊ ಅವನ ಬಿಡುವೇಳೆಯ ಹವ್ಯಾಸ. ಸೂಕ್ಷ್ಮದರ್ಶಕದಡಿ ಪುಟಾಣಿ ಚಿಪ್ಪುಗಳನ್ನಿಟ್ಟು ತೆಗೆದ ಚಿತ್ರಗಳಿಗೆ 1887ರಲ್ಲಿ ಪದಕವೂ ಬಂದಿತ್ತು. 1898ರಲ್ಲಿ ಆರೋಗ್ಯ ಕೈಕೊಟ್ಟಿತು. ನಲವತ್ತೈದರ ಆಸುಪಾಸಿನಲ್ಲಿ ವ್ಯಾಪಾರ ಬಿಟ್ಟು ಕ್ಯಾಮೆರಾ ಹೊತ್ತು ಹೊರಟ. ಗುರಿ: ಇಂಗ್ಲೆಂಡ್ ಮತ್ತು ಫ್ರಾನ್ಸಿನ ಹಳೆಯ ಕ್ಯಾಥೆಡ್ರಲ್‌ಗಳ ಒಳಾಂಗಣ. ಅಷ್ಟು ಹೊತ್ತಿಗೆ ಅವನು ತನ್ನ ಕಾಗದವನ್ನೂ ಆರಿಸಿಕೊಂಡಾಗಿತ್ತು: ಪ್ಲಾಟಿನಂ.

ಪ್ಲಾಟಿನಂ ಮುದ್ರಣಕ್ಕೆ ಇಂಗ್ಲೆಂಡಿನ ವಿಲಿಯಂ ವಿಲಿಸ್ 1873ರಲ್ಲಿ ಪೇಟೆಂಟ್ ಪಡೆದಿದ್ದ. ಕಬ್ಬಿಣದ ಆಕ್ಸಲೇಟ್ ಜೊತೆ ಪ್ಲಾಟಿನಂ ಲವಣ ಕಲಸಿ ಕಾಗದಕ್ಕೆ ಬಳಿಯುವುದು, ಒಣಗಿದ ಮೇಲೆ ನೆಗೆಟಿವ್ ಒತ್ತಿಟ್ಟು ಬಿಸಿಲಿಗೆ ಹಿಡಿಯುವುದು. ಬೆಳಕು ತಾಗಿದಲ್ಲಿ ಕಬ್ಬಿಣ ರೂಪ ಬದಲಿಸುತ್ತದೆ. ಪೊಟ್ಯಾಸಿಯಂ ಆಕ್ಸಲೇಟ್ ದ್ರಾವಣದಲ್ಲಿ ಅದ್ದಿದಾಗ ಆ ಕಬ್ಬಿಣವೇ ಪ್ಲಾಟಿನಂ ಅನ್ನು ಶುದ್ಧ ಲೋಹವಾಗಿ ಕಾಗದದ ಮೇಲೆ ಇಳಿಸುತ್ತದೆ. ಉಳಿದ ಕಬ್ಬಿಣವನ್ನು ತೆಳು ಆಮ್ಲದಲ್ಲಿ ತೊಳೆದರೆ ಕೆಲಸ ಮುಗಿಯಿತು. ಇಲ್ಲಿ ಎನ್‌ಲಾರ್ಜರ್ ನಡೆಯದು: ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಅಷ್ಟೇ. ಸಾಮಾನ್ಯ ಬೆಳ್ಳಿಯ ಪ್ರಿಂಟಿನಲ್ಲಿ ಚಿತ್ರ ಜೆಲಾಟಿನ್ ಪದರದಲ್ಲಿ ಕೂತಿರುತ್ತದೆ. ಇಲ್ಲಿ ಪದರವೇ ಇಲ್ಲ; ನೂಲಿಗೆ ಬಣ್ಣ ಇಳಿದ ಹಾಗೆ ಲೋಹ ಕಾಗದದ ನಾರಿಗೇ ಇಳಿದಿರುತ್ತದೆ. ಅದಕ್ಕೇ ಹೊಳಪಿಲ್ಲ, ಕಣ್ಣು ಕುಕ್ಕುವುದಿಲ್ಲ. ಗಾಢ ಕಪ್ಪಿನಲ್ಲಿ ಬೆಳ್ಳಿಯೇ ಮುಂದು, ಒಪ್ಪಬೇಕು. ಪ್ಲಾಟಿನಂ ಗೆಲ್ಲುವುದು ಕಪ್ಪು ಬಿಳುಪಿನ ನಡುವಿನ ಬೂದುಗಳಲ್ಲಿ.

ಎವಾನ್ಸ್‌ಗೆ ಬೇಕಿದ್ದುದು ಆ ಬೂದುಗಳೇ. ಕಲ್ಲಿನ ಕಂಬದ ಒಂದು ಮಗ್ಗುಲಿಗೆ ಕಿಟಕಿಯ ಬೆಳಕು ಬಿದ್ದು ಇನ್ನೊಂದು ಮಗ್ಗುಲಿಗೆ ಜಾರುವಾಗ ಎಷ್ಟು ಛಾಯೆಗಳಿವೆಯೋ ಅಷ್ಟೂ ಅವನಿಗೆ ಬೇಕು. ಕ್ಯಾಥೆಡ್ರಲ್ ಇರುವ ಊರಲ್ಲಿ ದಿನಗಟ್ಟಲೆ ತಂಗಿ, ಯಾವ ಹೊತ್ತಿಗೆ ಬೆಳಕು ಎಲ್ಲಿ ಬೀಳುತ್ತದೆಂದು ನೋಡಿಕೊಳ್ಳುತ್ತಿದ್ದ. ಕುರ್ಚಿ, ದೀಪದ ಕಂಬ ಅಡ್ಡ ಬಂದರೆ ತೆಗೆಸುತ್ತಿದ್ದ. ಮಸೂರದ ರಂಧ್ರ ಕಿರಿದು ಮಾಡಿ, ನಿಮಿಷಗಟ್ಟಲೆ ಬೆಳಕು ಕುಡಿಸುತ್ತಿದ್ದ. ನೆಗೆಟಿವ್ ಮೇಲೆ ತಿದ್ದುವ ಮಾತೇ ಇಲ್ಲ. ಫೋಟೊ ಕಲೆಯೆನಿಸಿಕೊಳ್ಳಬೇಕಾದರೆ ಅದು ಇದ್ದಲು ಚಿತ್ರದಂತೆ ಕಾಣಬೇಕು ಎಂದುಕೊಂಡು ಬ್ರಷ್ ಆಡಿಸುವವರು ತುಂಬಿದ್ದ ಕಾಲವದು. ಅವರ ನಡುವೆ ಇವನದು ಕಟ್ಟುನಿಟ್ಟಿನ ಮಡಿ. ಆದರೂ ಆ ಕಾಲದ ಕಲಾ ಛಾಯಾಗ್ರಾಹಕರ ಕೂಟ ‘ಲಿಂಕ್ಡ್ ರಿಂಗ್’ 1900ರಲ್ಲಿ ಅವನನ್ನು ಸದಸ್ಯನಾಗಿ ಸೇರಿಸಿಕೊಂಡಿತು.

1903ರ ‘ಎ ಸೀ ಆಫ್ ಸ್ಟೆಪ್ಸ್’ ಅವನ ಅತಿ ಪ್ರಸಿದ್ಧ ಚಿತ್ರ. ವೆಲ್ಸ್ ಕ್ಯಾಥೆಡ್ರಲ್‌ನ ಮೆಟ್ಟಿಲುಗಳು ಶತಮಾನಗಳ ಕಾಲ್ತುಳಿತಕ್ಕೆ ಸವೆದು, ಬಲಕ್ಕೆ ಚಾಪ್ಟರ್ ಹೌಸ್ (ಪಾದ್ರಿಗಳ ಸಭಾಂಗಣ) ಕಡೆ ಒಂದು ಕವಲಾಗಿ ಹೊರಳಿ, ಇನ್ನೊಂದು ಕವಲು ನೇರ ಮೇಲೇರುತ್ತದೆ. ಅದ್ಭುತ ಚಿತ್ರ, ಸರಿ. ಆದರೆ ಪುಸ್ತಕಗಳು ಅದನ್ನೇ ಮತ್ತೆ ಮತ್ತೆ ಅಚ್ಚುಹಾಕಿ ಸವೆಸಿಬಿಟ್ಟಿವೆ. ಈ ಅಂಕಣಕಾರನ ಓಟು 1896ರಲ್ಲಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್‌ನ ಮನೆ ಕೆಲ್ಮ್‌ಸ್ಕಾಟ್ ಮ್ಯಾನರ್‌ನಲ್ಲಿ ತೆಗೆದ ಅಟ್ಟದ ಚಿತ್ರಕ್ಕೆ. ಇಳಿಜಾರು ಸೂರಿನಡಿ ಒರಟು ತೊಲೆಗಳು, ಅವುಗಳ ಮೇಲೆ ಬಿದ್ದ ಬೆಳಕು, ಅಷ್ಟೇ. ತೋರಿಸಲು ಭವ್ಯವಾದದ್ದೇನೂ ಇಲ್ಲದ ಕಡೆಯೇ ಎವಾನ್ಸ್‌ನ ಕೈ ಎಂಥದೆಂದು ತಿಳಿಯುವುದು.

ಅಮೆರಿಕದಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ತನ್ನ ‘ಕ್ಯಾಮೆರಾ ವರ್ಕ್’ ಪತ್ರಿಕೆಯ ನಾಲ್ಕನೇ ಸಂಚಿಕೆಯನ್ನು 1903ರ ಅಕ್ಟೋಬರಿನಲ್ಲಿ ಎವಾನ್ಸ್‌ಗೆ ಮೀಸಲಿಟ್ಟ. ಲೇಖನ ಬರೆದವನು ಎವಾನ್ಸ್‌ನ ಗೆಳೆಯ, ನಾಟಕಕಾರ ಜಾರ್ಜ್ ಬರ್ನಾರ್ಡ್ ಷಾ. ಅವನಿಗೂ ಫೋಟೊ ಹುಚ್ಚು ಹಿಡಿದಿತ್ತು. ಮುಂದೆ ಎವಾನ್ಸ್‌ಗೆ ‘ಕಂಟ್ರಿ ಲೈಫ್’ ಪತ್ರಿಕೆಯಿಂದ ಕೆಲಸ ಬಂತು, 1911ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯನ್ನು ಚಿತ್ರಿಸುವ ಹೊಣೆಯೂ ಬಂತು. ಪುಸ್ತಕದಂಗಡಿಯ ಚಟ ಹೋಗಿರಲಿಲ್ಲ: ವರ್ಜಿಲನ ಕವಿತೆಗಳಿಗೆ ವಿಲಿಯಂ ಬ್ಲೇಕ್ ಮಾಡಿದ ಪುಟ್ಟ ಕೆತ್ತನೆಗಳನ್ನು 1912ರಲ್ಲಿ, ಹೋಲ್‌ಬೈನನ ‘ಡಾನ್ಸ್ ಆಫ್ ಡೆತ್’ ಅನ್ನು 1913ರಲ್ಲಿ ದೊಡ್ಡ ನೆಗೆಟಿವ್‌ಗೆ ಹಿಗ್ಗಿಸಿ, ಪ್ಲಾಟಿನಂನಲ್ಲೇ ಮುದ್ರಿಸಿ ಸ್ವಂತ ಖರ್ಚಿನ ಪುಸ್ತಕಗಳಾಗಿ ತಂದ.

ಅಷ್ಟರಲ್ಲಿ ಮೊದಲ ಮಹಾಯುದ್ಧ. ಸ್ಫೋಟಕಗಳಿಗೆ ಬೇಕಾದ ಆಮ್ಲ ತಯಾರಿಕೆಯಲ್ಲಿ ಪ್ಲಾಟಿನಂ ವೇಗವರ್ಧಕ. ಜಗತ್ತಿನ ಪ್ಲಾಟಿನಂ ಬಹುಪಾಲು ಬರುತ್ತಿದ್ದುದು ರಷ್ಯಾದ ಉರಲ್ ಪ್ರದೇಶದಿಂದ. ಬೆಲೆ ಗಗನಕ್ಕೇರಿತು, ಕಾಗದ ಸಿಗದಾಯಿತು. ವಿಲಿಸ್‌ನ ಕಂಪನಿ ಪಲ್ಲಾಡಿಯಂ ಕಾಗದ ತಂದಿತು. ಬೆಳ್ಳಿಯ ಕಾಗದವಂತೂ ಎಲ್ಲ ಅಂಗಡಿಗಳಲ್ಲೂ ಇತ್ತು. ಉಳಿದವರು ಅದಕ್ಕೆ ಹೊಂದಿಕೊಂಡರು. ಎವಾನ್ಸ್ ಹೊಂದಿಕೊಳ್ಳಲಿಲ್ಲ. ಹಟಮಾರಿತನ ಅನ್ನಬಹುದು; ಆದರೆ ಅವನು ಕಾದು ಹಿಡಿಯುತ್ತಿದ್ದ ಬೆಳಕೇ ಪ್ಲಾಟಿನಂ ಕಾಗದದ ಅಳತೆಯದು. ಅವನು ಫೋಟೊ ತೆಗೆಯುವುದನ್ನೇ ಬಿಟ್ಟ. ತೀರಿಕೊಂಡದ್ದು 1943ರಲ್ಲಿ, ತೊಂಬತ್ತರ ಹೊಸ್ತಿಲಲ್ಲಿ.

ಪ್ಲಾಟಿನಂ ಮಾತ್ರ ಸಾಯಲಿಲ್ಲ. ನ್ಯೂಯಾರ್ಕಿನಲ್ಲಿ ಫ್ಯಾಷನ್ ಛಾಯಾಗ್ರಾಹಕ ಇರ್ವಿಂಗ್ ಪೆನ್ 1964ರಲ್ಲಿ ಈ ವಿದ್ಯೆಯನ್ನು ತಾನೇ ಕಲಿಯಲು ಕೂತ. ಕಾಗದವನ್ನು ಅಲ್ಯೂಮಿನಿಯಂ ತಗಡಿಗೆ ಅಂಟಿಸಿದ. ಹಾಗಾಗಿ ಮತ್ತೆ ಮತ್ತೆ ರಾಸಾಯನಿಕ ಬಳಿದು ಬಿಸಿಬೆಳಕಿಗೊಡ್ಡಿದರೂ ಕಾಗದ ಹಿಗ್ಗಿ ಕುಗ್ಗದೆ, ನೆಗೆಟಿವ್ ಕೂದಲೆಳೆಯೂ ಸರಿಯದೆ ಕೂರುತ್ತಿತ್ತು. ಎವಾನ್ಸ್‌ನ ಪ್ರಿಂಟುಗಳಲ್ಲಿಲ್ಲದ ಗಾಢ ಕಪ್ಪು ಪೆನ್‌ಗೆ ದಕ್ಕಿದ್ದು ಹೀಗೆ. ಬೀದಿಯಲ್ಲಿ ಹೆಕ್ಕಿದ ಸಿಗರೇಟು ತುಂಡುಗಳನ್ನು ಅವನು ಈ ದುಬಾರಿ ಲೋಹದಲ್ಲಿ ಮುದ್ರಿಸಿ, 1975ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ತೂಗುಹಾಕಿದ. ಕ್ಯಾಥೆಡ್ರಲ್ ಪ್ರೇಮಿ ಎವಾನ್ಸ್ ಇದಕ್ಕೇನೆನ್ನುತ್ತಿದ್ದನೋ!

ಪ್ಲಾಟಿನಂ ಪ್ರಿಂಟುಗಳನ್ನು ಮೊಬೈಲಿನಲ್ಲಿ ನೋಡಿ ‘ಇಷ್ಟೇನಾ’ ಎಂದರೆ ತಪ್ಪಿಲ್ಲ. ಸುದ್ದಿಕಾಗದದ ಅಚ್ಚಿನಲ್ಲಂತೂ ಬೂದೆಲ್ಲ ಮಸಿಯಾಗುತ್ತದೆ. ಲಂಡನ್ನಿಗೆ ಹೋಗುವವರಿಗೆ ಒಂದು ಸಲಹೆ: ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಸಂಗ್ರಹ ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಎವಾನ್ಸ್‌ನ ಪ್ರಿಂಟ್ ಸಿಕ್ಕರೆ ಚೌಕಟ್ಟಿನ ಅಂಚನ್ನೂ ಬಿಡದೆ ನೋಡಿ. ಒಂದರೊಳಗೊಂದು ಎಳೆದ ಆ ಸಣ್ಣ ಗೆರೆಗಳು, ತೆಳು ಬಣ್ಣದ ಕಾಗದಗಳು ಅವನು ಪ್ರತಿ ಚಿತ್ರಕ್ಕೂ ಅಳೆದು ಹೊಂದಿಸಿದವು.