ಕುಂದಿಗೇ ಮಾರುಹೋದವರು

ಕೆಂಪು ಬಣ್ಣದ ನಾಯಕ ಹಸಿರು ಮರದ ಮುಂದೆ ಹಾಯುತ್ತಾನೆ. ಅವನು ಹಾದಲ್ಲೆಲ್ಲ ಮರವೂ ಚೌಕ ಚೌಕವಾಗಿ ಕೆಂಪಾಗುತ್ತದೆ, ಅವನು ಅತ್ತ ಸರಿದ ಮೇಲೆ ಮತ್ತೆ ಹಸಿರು. 1980ರ ದಶಕದಲ್ಲಿ ಬ್ರಿಟನ್ನಿನ ಮಕ್ಕಳು ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಮನೆ ಕಂಪ್ಯೂಟರನ್ನು ಟಿ.ವಿ.ಗೆ ಜೋಡಿಸಿ ಆಡುತ್ತಿದ್ದಾಗ ಕಾಣುತ್ತಿದ್ದ ನೋಟವಿದು. ಕಮೊಡೋರ್ 64 ಎಂಬ ಎದುರಾಳಿ ಯಂತ್ರ ಇಟ್ಟುಕೊಂಡಿದ್ದ ಪಕ್ಕದ ಮನೆಯ ಹುಡುಗ ಇದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದ. ಸ್ಪೆಕ್ಟ್ರಮ್ ಅಭಿಮಾನಿ ಮಾತ್ರ ನಾಲ್ಕು ದಶಕ ಕಳೆದರೂ ಇದನ್ನೇ ಎದೆಯುಬ್ಬಿಸಿ ತೋರಿಸುತ್ತಾನೆ.

ಹಳೆಯ ಕಂಪ್ಯೂಟರುಗಳ ಹವ್ಯಾಸದಲ್ಲಿ ಇದಕ್ಕಿಂತ ರುಚಿಕಟ್ಟಾದ ಜಗಳ ಇನ್ನೊಂದಿಲ್ಲ. ಧಾರವಾಡದಲ್ಲಿ ಹಾಡುಗಾರಿಕೆಗೆ ಮಲ್ಲಿಕಾರ್ಜುನ ಮನ್ಸೂರರು ಹೆಚ್ಚೋ ಭೀಮಸೇನ ಜೋಶಿಯವರು ಹೆಚ್ಚೋ ಎಂದು ವಾದಕ್ಕೆ ಕೂತವರನ್ನು ಕಂಡವರಿಗೆ ಇದರ ಸೊಗಸು ಗೊತ್ತಾದೀತು. ಇತ್ಯರ್ಥ ಯಾರಿಗೂ ಬೇಕಿಲ್ಲ. ವಾದಿಸುತ್ತ ವಾದಿಸುತ್ತ ಇಬ್ಬರ ಕಿವಿಯೂ ಕಣ್ಣೂ ಹರಿತವಾಗುತ್ತವೆ.

ಎರಡೂ ಯಂತ್ರಗಳು ಒಂದೇ ವರ್ಷದ ಕೂಸುಗಳು. ಕೇಂಬ್ರಿಡ್ಜ್‌ನ ಕ್ಲೈವ್ ಸಿಂಕ್ಲೇರ್ 1982ರ ಏಪ್ರಿಲ್ 23ರಂದು ಸ್ಪೆಕ್ಟ್ರಮ್ ಬಿಡುಗಡೆ ಮಾಡಿದ. ರಬ್ಬರ್ ಕೀಲಿಗಳ ಕಪ್ಪು ಡಬ್ಬಿ. 16ಕೆ ಮೆಮೊರಿಯ ಮಾದರಿಗೆ 125 ಪೌಂಡ್, 48ಕೆ ಮಾದರಿಗೆ 175. ಅದೇ ಆಗಸ್ಟ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಕಮೊಡೋರ್ 64ಕ್ಕೆ 595 ಡಾಲರ್. ಇದನ್ನು ತಂದವನು ಆಶ್ವಿಟ್ಜ್‌ನಿಂದ ಬದುಕಿ ಬಂದ ಜ್ಯಾಕ್ ಟ್ರಾಮಿಯೆಲ್. 64ಕೆ ಮೆಮೊರಿ, ಟೈಪ್‌ರೈಟರಿನಂಥ ಗಟ್ಟಿ ಕೀಲಿಮಣೆ, 16 ಬಣ್ಣ, ಹಿನ್ನೆಲೆ ಕೆಡಿಸದೆ ಪರದೆಯ ಮೇಲೆ ಓಡಾಡುವ ಎಂಟು ‘ಸ್ಪ್ರೈಟ್’ ಚಿತ್ರಗಳು. ಬ್ರಿಟನ್ನಿನಲ್ಲಿ ಇದು ಸ್ಪೆಕ್ಟ್ರಮ್‌ಗಿಂತ ಎಷ್ಟೋ ದುಬಾರಿ. ಹಾಗಾಗಿ ಮಗ ಯಾವ ಪಕ್ಷ ಎಂಬುದು ಅಪ್ಪನ ಜೇಬಿನಲ್ಲೇ ನಿರ್ಧಾರವಾಗುತ್ತಿತ್ತು. ಮನೆಗೆ ಬಂದದ್ದನ್ನು ಬದಲಾಯಿಸುವ ಮಾತೇ ಇಲ್ಲ, ಸಮರ್ಥಿಸಿಕೊಳ್ಳುವುದೊಂದೇ ದಾರಿ.

ಆ ಕೆಂಪಾಗುವ ಮರದ ಗುಟ್ಟು ನೋಡಿ. ಸ್ಪೆಕ್ಟ್ರಮ್‌ನ ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿ, ಒಟ್ಟು 49,152. ಪ್ರತಿ ಚುಕ್ಕಿಗೂ ಎಂಟರಲ್ಲಿ ಒಂದು ಬಣ್ಣ ಕೊಡಹೊರಟರೆ 18,432 ಬೈಟ್ ಬೇಕು. ಅಗ್ಗದ ಮಾದರಿಯಲ್ಲಿ ಇದ್ದ ಮೆಮೊರಿಯೇ 16,384! ಅದಕ್ಕೆ ಸಿಂಕ್ಲೇರನ ಎಂಜಿನಿಯರುಗಳು ಪರದೆಯನ್ನು 768 ಮನೆಗಳಾಗಿ ಕತ್ತರಿಸಿದರು. ಎಂಟಕ್ಕೆ ಎಂಟು ಚುಕ್ಕಿಯ ಒಂದು ಮನೆಯಲ್ಲಿ ಎರಡೇ ಬಣ್ಣ. ಚಿತ್ರ, ಬಣ್ಣ ಎಲ್ಲ ಸೇರಿ 6,912 ಬೈಟ್‌ನಲ್ಲಿ ಸಂಸಾರ ಮುಗಿಯಿತು. ಒಂದೇ ಮನೆಯೊಳಗೆ ನಾಯಕನೂ ಮರವೂ ಸೇರಿದಾಗ ಯಾರದೋ ಒಬ್ಬರ ಬಣ್ಣ ಹೋಗಲೇಬೇಕು.

ಈ ಕುಂದಿನ ಜೊತೆ ಏಗಿದವರು ಏನು ಮಾಡಿದರು ಎಂಬುದೇ ಸ್ಪೆಕ್ಟ್ರಮ್ ಪಕ್ಷದವರ ಬ್ರಹ್ಮಾಸ್ತ್ರ. 1984ರಲ್ಲಿ ಅಲ್ಟಿಮೇಟ್ ಕಂಪನಿಯ ಸ್ಟ್ಯಾಂಪರ್ ಸಹೋದರರು ‘ನೈಟ್ ಲೋರ್’ ಎಂಬ ಆಟ ತಂದರು. ಒಂದು ಕೋಣೆಗೆ ಒಂದೇ ಬಣ್ಣ, ಉಳಿದದ್ದೆಲ್ಲ ಕಪ್ಪು. ಬಣ್ಣದ ತಂಟೆಯೇ ತಪ್ಪಿತು. ಉಳಿದ ಶಕ್ತಿಯನ್ನೆಲ್ಲ ಮೂಲೆಯಿಂದ ನೋಡಿದಂಥ ಮೂರು ಆಯಾಮದ ಕೋಣೆಗಳಿಗೆ ಸುರಿದರು. ಆಮೇಲೆ ಆ ಮಾದರಿಯ ಆಟಗಳದೇ ಒಂದು ಪರಂಪರೆ ಬೆಳೆಯಿತು. ಧ್ವನಿಯ ವಿಷಯದಲ್ಲೂ ಹೀಗೆಯೇ. 48ಕೆ ಸ್ಪೆಕ್ಟ್ರಮ್‌ಗೆ ಇದ್ದದ್ದು ಒಂದು ಸಲಕ್ಕೆ ಒಂದೇ ‘ಬೀಪ್’ ಅನ್ನುವ ಗಂಟಲು. ಹದಿಹರೆಯದ ಟಿಮ್ ಫಾಲಿನ್ ಅದರಿಂದಲೇ ಹಲವು ವಾದ್ಯಗಳು ಒಟ್ಟಿಗೆ ನುಡಿದಂಥ ಸಂಗೀತ ಹೊರಡಿಸಿದ.

ಈಗ ಎದುರು ಪಾಳಯಕ್ಕೆ ಬನ್ನಿ. ಕಮೊಡೋರ್‌ಗೆ ಕುಂದಿರಲಿಲ್ಲವೇ? ಬೇಕಾದಷ್ಟಿತ್ತು. ಪರದೆ ಕಪ್ಪು ಮಾಡಬೇಕೆಂದರೆ ಸ್ಪೆಕ್ಟ್ರಮ್‌ನಲ್ಲಿ ‘ಬಾರ್ಡರ್ 0’, ‘ಪೇಪರ್ 0’, ‘ಸಿಎಲ್‌ಎಸ್’ ಅಂದರಾಯಿತು. ಕಮೊಡೋರ್‌ನಲ್ಲಿ 53280, 53281 ಎಂಬ ಮೆಮೊರಿ ವಿಳಾಸಗಳನ್ನು ಬಾಯಿಪಾಠ ಮಾಡಿ ‘ಪೋಕ್’ ಎಂಬ ಆದೇಶ ಕೊಡಬೇಕು. ಸ್ಪೆಕ್ಟ್ರಮ್‌ನ ಪ್ರೊಸೆಸರ್ 3.5 ಮೆಗಾಹರ್ಟ್ಸ್, ಕಮೊಡೋರ್‌ನದು ಒಂದರ ಆಸುಪಾಸು. (ಈ ಅಂಕಿ ಹಿಡಿದು ‘ಮೂರೂವರೆ ಪಟ್ಟು ವೇಗ’ ಎಂದು ಕುಣಿಯುವವರನ್ನು ನಂಬಬೇಡಿ. ಒಂದೊಂದು ಆದೇಶಕ್ಕೂ ಸ್ಪೆಕ್ಟ್ರಮ್‌ನ ಝಡ್80 ಪ್ರೊಸೆಸರ್ ಹೆಚ್ಚು ಬಡಿತ ತಿನ್ನುತ್ತದೆ.) ಆಟಗಳು ತುಂಬಿದ್ದ ಕ್ಯಾಸೆಟ್ಟಿನಲ್ಲಿ ಎಲ್ಲವನ್ನೂ ಎರಡೆರಡು ಸಲ ಬರೆಯುತ್ತಿದ್ದ ಕಾರಣ ಲೋಡ್ ಆಗುವುದಂತೂ ಆಮೆವೇಗ. ಮ್ಯಾಂಚೆಸ್ಟರಿನ ಓಷನ್ ಕಂಪನಿ ವೇಗದ ಲೋಡರ್ ಬಳಸಿದ್ದಷ್ಟೇ ಅಲ್ಲ, ಕಾಯುವ ಹೊತ್ತಿಗೆಂದೇ ಮಾರ್ಟಿನ್ ಗಾಲ್ವೇ ಕಟ್ಟಿದ ಸಂಗೀತವನ್ನೂ ಕೇಳಿಸಿತು. ಆಟವನ್ನು ಮರೆತವರೂ ಆ ಲೋಡಿಂಗ್ ಸಂಗೀತವನ್ನು ಮರೆತಿಲ್ಲ.

ಕಮೊಡೋರ್‌ನ ಕಿರೀಟ ಎಂದರೆ ಬಾಬ್ ಯಾನಸ್ ರೂಪಿಸಿದ ‘ಸಿಡ್’ ಚಿಪ್. ಮೂರು ಸ್ವರ, ಜೊತೆಗೊಂದು ಫಿಲ್ಟರ್. ಅದರ ಹೆಚ್ಚುಗಾರಿಕೆಯಲ್ಲೂ ಒಂದು ದೋಷ ಅಡಗಿತ್ತು. 6581 ಎಂಬ ಮೊದಲ ಮಾದರಿಯಲ್ಲಿ ವಾಲ್ಯೂಮ್ ಏರಿಸಿ ಇಳಿಸಿದಾಗಲೆಲ್ಲ ‘ಟಿಕ್’ ಎಂಬ ಸದ್ದು ಬರುತ್ತಿತ್ತು. ಪ್ರೋಗ್ರಾಮರುಗಳು ಬಿಟ್ಟಾರೆಯೇ? ಆ ಹದಿನಾರು ಮಟ್ಟದ ವಾಲ್ಯೂಮನ್ನು ಸೆಕೆಂಡಿಗೆ ಸಾವಿರಾರು ಸಲ ಬದಲಾಯಿಸಿ, ಟಿಕ್‌ಗಳನ್ನೇ ಪೋಣಿಸಿ, ಡ್ರಮ್ಮಿನ ಪೆಟ್ಟನ್ನೂ ಮನುಷ್ಯರ ಮಾತನ್ನೂ ಹೊರಡಿಸಿದರು. ಮೂರು ಸ್ವರದ ಚಿಪ್‌ಗೆ ನಾಲ್ಕನೆಯದು ಸಿಕ್ಕಿತು. ಮುಂದೆ ಕಂಪನಿ 8580 ಎಂಬ ಸುಧಾರಿತ ಚಿಪ್ ತಂದು ದೋಷವನ್ನು ಸರಿಪಡಿಸಿತು. ಹಳೆಯ ಆಟಗಳ ಮಾತು, ಡ್ರಮ್ಮು ಎರಡೂ ಪಿಸುಮಾತಾದವು. ಅಭಿಮಾನಿಗಳು ಹೊಸ ಚಿಪ್‌ಗೆ ರೆಸಿಸ್ಟರ್ ಬೆಸುಗೆ ಹಾಕಿ ಆ ದೋಷವನ್ನು ವಾಪಸು ತಂದುಕೊಂಡರು! ಇಡೀ ಜಗಳದ ಜೀವ ಇಲ್ಲಿದೆ. ಸಲೀಸಾಗಿ ಒದಗಿದ್ದಕ್ಕಿಂತ ಒದ್ದಾಡಿ ಒಲಿಸಿಕೊಂಡದ್ದರ ಮೇಲೆ ಮೋಹ ಹೆಚ್ಚು.

ಕಂಪನಿ ನಡೆಸುವವರಿಗೆ ಈ ರಸಿಕತೆ ಇರಲಿಲ್ಲ. 1984ರ ಡಿಸೆಂಬರಿನಲ್ಲಿ ಎದುರಾಳಿ ಏಕಾರ್ನ್ ಕಂಪನಿ, ಸಿಂಕ್ಲೇರ್ ಯಂತ್ರಗಳು ಕೆಟ್ಟು ವಾಪಸಾಗುವುದನ್ನು ಚುಚ್ಚಿ ಜಾಹೀರಾತು ಕೊಟ್ಟಿತು. ಆಗಲೇ ‘ಸರ್’ ಬಿರುದು ಪಡೆದಿದ್ದ ಸಿಂಕ್ಲೇರ್ ಕೇಂಬ್ರಿಡ್ಜ್‌ನ ಪಬ್ಬೊಂದರಲ್ಲಿ ಏಕಾರ್ನ್‌ನ ಕ್ರಿಸ್ ಕರಿಯನ್ನು ಹಿಡಿದು, ಸುರುಳಿ ಸುತ್ತಿದ ಪತ್ರಿಕೆಯಿಂದ ಬಾರಿಸಿದ. ಕರಿ ಹಿಂದೆ ಅವನದೇ ಕಂಪನಿಯಲ್ಲಿದ್ದವನು. ಪತ್ರಿಕೆಯವರು ಹೆಚ್ಚು ಜಾಣರು. ಸ್ಪೆಕ್ಟ್ರಮ್ ಹುಡುಗರು ಎದೆಗವಚಿಕೊಂಡಿದ್ದ ‘ಕ್ರ್ಯಾಶ್’, ಕಮೊಡೋರ್ ಹುಡುಗರ ‘ಝ್ಯಾಪ್ 64’ ಎರಡನ್ನೂ ಹೊರತರುತ್ತಿದ್ದದ್ದು ಲಡ್ಲೋ ಊರಿನ ನ್ಯೂಸ್‌ಫೀಲ್ಡ್ ಎಂಬ ಒಂದೇ ಸಂಸ್ಥೆ. ಎರಡರ ಮುಖಪುಟಕ್ಕೂ ಕುಂಚ ಆಲಿವರ್ ಫ್ರೇ ಎಂಬ ಒಬ್ಬನೇ ಕಲಾವಿದನದು.

ನಮ್ಮಲ್ಲಿ ಈ ಜಗಳ ಹತ್ತಲಿಲ್ಲ. 1986ರಲ್ಲಿ ಡೆಸಿಬೆಲ್ಸ್ ಎಂಬ ಕಂಪನಿ ಸ್ಪೆಕ್ಟ್ರಮ್‌ನ ‘ಪ್ಲಸ್’ ಮಾದರಿಯನ್ನು ಪರವಾನಗಿ ಪಡೆದು ಭಾರತದಲ್ಲಿ ಮಾರಿತು. ಅದಕ್ಕೂ ಮುಂಚೆ, 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಡಿ ಸರ್ಕಾರ ಶಾಲೆಗಳಿಗೆ ಕೊಟ್ಟದ್ದು ಏಕಾರ್ನ್‌ನವರ ಬಿಬಿಸಿ ಮೈಕ್ರೊ ಕಂಪ್ಯೂಟರು. ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರೇ ಬೆರಳೆಣಿಕೆಯಷ್ಟು ಇದ್ದಾಗ ಪಕ್ಷ ಕಟ್ಟುವುದೆಲ್ಲಿ? ಕೊನೆಗೆ ನಮ್ಮ ಜೇಬು ಹೊಕ್ಕದ್ದೂ ಏಕಾರ್ನ್ ವಂಶದ್ದೇ. ಆ ಕಂಪನಿಯ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ರೂಪಿಸಿ 1985ರಲ್ಲಿ ಚಾಲೂ ಮಾಡಿದ ಆರ್ಮ್ ಪ್ರೊಸೆಸರಿನ ಸಂತತಿ ಇಂದಿನ ಮೊಬೈಲುಗಳಲ್ಲಿದೆ. ಆರ್ಮ್ ಕಂಪನಿಗೆ ಬೆಂಗಳೂರಿನಲ್ಲೂ ದೊಡ್ಡ ಕಚೇರಿಯಿದೆ.

ಇಷ್ಟೆಲ್ಲ ಹೇಳಿ ತೀರ್ಪು ಕೊಡದಿದ್ದರೆ ನ್ಯಾಯವಲ್ಲ. ನನ್ನ ಮತ ಕಮೊಡೋರ್‌ಗೆ, ಅದೂ ಸಿಡ್ ಚಿಪ್ ಒಂದರ ಸಲುವಾಗಿ. ಕಣ್ಣಿಗೆ ಸ್ಪೆಕ್ಟ್ರಮ್ ಕೊಟ್ಟದ್ದು ಬುದ್ಧಿವಂತಿಕೆಯ ವಿಸ್ಮಯ, ಕಿವಿಗೆ ಕಮೊಡೋರ್ ಕೊಟ್ಟದ್ದು ಸಂಗೀತ. ನನ್ನ ಮಾತು ನಂಬಬೇಕಿಲ್ಲ. ಈ ಭಾನುವಾರ ಲ್ಯಾಪ್‌ಟಾಪಿಗೆ ಈ ಹಳೆಯ ಯಂತ್ರಗಳನ್ನು ಅನುಕರಿಸುವ ‘ಫ್ಯೂಸ್’, ‘ವೈಸ್’ ಎಂಬ ಎರಡು ಉಚಿತ ಎಮ್ಯುಲೇಟರುಗಳನ್ನು ಹಾಕಿಕೊಳ್ಳಿ. ಫ್ಯೂಸ್‌ನಲ್ಲಿ ‘ನೈಟ್ ಲೋರ್’ ನೋಡಿ. ವೈಸ್‌ನಲ್ಲಿ 1985ರ ‘ಮಾಂಟಿ ಆನ್ ದ ರನ್’ ಹಾಕಿ ರಾಬ್ ಹಬರ್ಡ್‌ನ ಸಂಗೀತ ಕೇಳಿ. ಸಿಡ್ ಮಾದರಿ 6581 ಎಂದೇ ಇರಲಿ, 8580 ಬೇಡ. ಆಮೇಲೆ ಒಂದು ಪಕ್ಷ ಸೇರಿ, ನನ್ನ ಎದುರು ಪಕ್ಷವಾದರೂ ಸರಿ. ‘ಎರಡೂ ಚೆನ್ನಾಗಿವೆ’ ಅನ್ನುವವರೊಂದಿಗೆ ಮಾತ್ರ ನನಗೆ ಮಾತಿಲ್ಲ.